ದನಿಗೂಡಿಸುವ ಜಾಗ

ಗೇ ಪುರುಷರ ಗಾನವೃಂದವೊಂದನ್ನು ಸೇರಿದ ಮೇಲೆ ತಮ್ಮ ಒಂಟಿತನ ಹೇಗೆ ಕರಗಿತು ಎಂದು ಓದುಗರೊಬ್ಬರು ಬರೆದ ಪತ್ರ ಹಿಂದಿನ ಸಂಚಿಕೆಯಲ್ಲಿ ಪ್ರಕಟವಾಗಿತ್ತು. ಅದನ್ನು ಓದಿ ಹಲವರು ಬರೆದಿದ್ದಾರೆ. ಅವುಗಳಲ್ಲಿ ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ. ಬರೆದವರ ಗುರುತು ಹತ್ತದಿರಲೆಂದು ಕೆಲವು ವಿವರಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನನಗೆ ಮೂವತ್ತನಾಲ್ಕು ವರ್ಷ. ನಾನು ಗೇ ಎಂಬುದು ಒಬ್ಬ ಗೆಳೆಯನ ಹೊರತು ಯಾರಿಗೂ ತಿಳಿದಿಲ್ಲ. ಆ್ಯಪ್‌ಗಳಲ್ಲಿ ಶುರುವಾದ ಮಾತು ಎರಡು ದಿನಕ್ಕೆ ಮುಗಿದುಹೋಗುತ್ತದೆ. ಪಾರ್ಟಿಗಳು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ಗೇ ಪುರುಷರ ಗಾನವೃಂದವೊಂದು ಹೊಸಬರನ್ನು ಕರೆಯುತ್ತಿದೆ ಎಂದು ತಿಳಿಯಿತು. ಹೋಗಬೇಕೆಂಬ ಆಸೆ ಇದೆ, ಆದರೆ ಧೈರ್ಯ ಸಾಲುತ್ತಿಲ್ಲ. ಶಾಲೆಯಲ್ಲಿ ನನ್ನದು ಹೆಣ್ಣುದನಿ ಎಂದು ಆಡಿಕೊಂಡ ಮೇಲೆ ನಾನು ಹಾಡಿದ್ದೇ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೊನೆಯ ಮಾತು. ಆಡಿಕೊಂಡವರು ಅದನ್ನು ಮರುದಿನವೇ ಮರೆತಿರುತ್ತಾರೆ. ಆಡಿಸಿಕೊಂಡ ಹುಡುಗ ಮಾತ್ರ ತರಗತಿಯಲ್ಲಿ ಎದ್ದುನಿಂತು ಓದುವಾಗ, ಫೋನಿನಲ್ಲಿ ಮಾತನಾಡುವಾಗ, ಕೊನೆಗೆ ಮನಬಿಚ್ಚಿ ನಗುವಾಗಲೂ ತನ್ನ ದನಿಗೆ ತಾನೇ ಕಾವಲು ನಿಂತು ಬೆಳೆಯುತ್ತಾನೆ. ನಾನೂ ಗೇ ಎಂಬುದನ್ನು ಈ ಅಂಕಣದ ಹಳೆಯ ಓದುಗರು ಬಲ್ಲರು. ನಮ್ಮಲ್ಲಿ ಬಹಳ ಮಂದಿ ಮೊಟ್ಟಮೊದಲು ಬಚ್ಚಿಡಲು ಕಲಿತದ್ದು ದನಿಯನ್ನೇ. ಹಾಗಾಗಿ, ನಮ್ಮಂಥವರು ಸೇರಲು ನೂರು ಜಾಗಗಳಿದ್ದರೂ ಹಾಡುವ ಜಾಗಕ್ಕೆ ಬೇರೆಯೇ ಬಲವಿದೆ ಎಂದು ನಾನು ನಂಬುತ್ತೇನೆ.

ಪುರುಷರ ಗಾನವೃಂದದಲ್ಲಿ ಸಾಮಾನ್ಯವಾಗಿ ಎತ್ತರದ ದನಿಯಿಂದ ಕೆಳಗಿನ ದನಿಯವರೆಗೆ ಮೊದಲ ಟೆನರ್, ಎರಡನೆಯ ಟೆನರ್, ಬ್ಯಾರಿಟೋನ್ ಮತ್ತು ಬಾಸ್ ಎಂಬ ನಾಲ್ಕು ವಿಭಾಗಗಳಿರುತ್ತವೆ. ಸೇರಲು ಬಂದವರನ್ನು ನಿರ್ದೇಶಕರು ಕೀಬೋರ್ಡಿನ ಪಕ್ಕ ನಿಲ್ಲಿಸಿಕೊಂಡು, ಒಂದೊಂದೇ ಸ್ವರ ಮೇಲಕ್ಕೆ ಏರಿಸುತ್ತಾ, ಮತ್ತೆ ಕೆಳಕ್ಕೆ ಇಳಿಸುತ್ತಾ, ದನಿ ಎಲ್ಲಿ ಹಾಯಾಗಿ ನಿಲ್ಲುತ್ತದೆ ಎಂದು ನೋಡುತ್ತಾರೆ. ಶಾಲೆಯಲ್ಲಿ ನಿಮ್ಮನ್ನು ಕುಗ್ಗಿಸಿದ ಆ ಎತ್ತರದ ದನಿ ಇನ್ನೂ ಉಳಿದಿದ್ದರೆ ನಿಮ್ಮನ್ನು ಮೊದಲ ಟೆನರ್ ವಿಭಾಗಕ್ಕೆ ಕಳುಹಿಸಬಹುದು. ಆ ಸ್ಥಾಯಿಯಲ್ಲಿ ಸಲೀಸಾಗಿ ಹಾಡುವವರು ಎಲ್ಲ ಗಾನವೃಂದಗಳಲ್ಲೂ ಕಡಿಮೆ. ಸಿಕ್ಕವರನ್ನು ಯಾರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಯಾವ ದನಿಗಾಗಿ ನಾಚಿ ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆವೋ ಅದೇ ದನಿ ಬೇಕೆಂದು ಒಬ್ಬರು ಕೇಳುವುದು ಎಂಥ ಅನುಭವ ಎಂಬುದನ್ನು ಅನುಭವಿಸಿಯೇ ತಿಳಿಯಬೇಕು.

ನನ್ನ ಮೊದಲ ತಾಲೀಮಿನ ಒಂದು ಕ್ಷಣವನ್ನು ಹೇಳುತ್ತೇನೆ. ಒಂದೇ ಉಸಿರಿನಲ್ಲಿ ಮುಗಿಯದ ನೀಳವಾದ ಸಾಲೊಂದನ್ನು ಅಭ್ಯಾಸ ಮಾಡುತ್ತಿದ್ದೆವು. ಎಲ್ಲರೂ ಒಂದೇ ಸಲ ಉಸಿರೆಳೆದುಕೊಂಡರೆ ನಾದ ಕಡಿದುಹೋಗುತ್ತದೆ. ಆದ್ದರಿಂದ ಅಕ್ಕಪಕ್ಕದವರು ಸರದಿಯ ಮೇಲೆ ಉಸಿರು ತೆಗೆದುಕೊಳ್ಳಬೇಕು. ಒಬ್ಬರು ಉಸಿರೆಳೆದುಕೊಳ್ಳುವಾಗ ಮತ್ತೊಬ್ಬರು ಸ್ವರ ಹಿಡಿದಿರಬೇಕು, ಬಿಟ್ಟವರು ಕೇಳುವವರಿಗೆ ತಿಳಿಯದ ಹಾಗೆ ಮೆಲ್ಲನೆ ಮತ್ತೆ ಸೇರಿಕೊಳ್ಳಬೇಕು. ಅದು ನನಗೆ ಗೊತ್ತಿರಲಿಲ್ಲ. ಸಾಲು ಮುಗಿಯುವ ಮುಂಚೆಯೇ ಉಸಿರುಗಟ್ಟಿ ನಿಂತುಬಿಟ್ಟೆ. ಪಕ್ಕದಲ್ಲಿದ್ದ ಹಿರಿಯರು ಏನೂ ಹೇಳದೆ ಬಾಗಿ, ನನ್ನ ಹಾಳೆಯ ಮೇಲೆ ಒಂದು ಪದದ ನೆತ್ತಿಯಲ್ಲಿ ಪೆನ್ಸಿಲಿನಿಂದ ಚಿಕ್ಕದೊಂದು ಅಲ್ಪವಿರಾಮ ಹಾಕಿದರು. ತಮ್ಮ ಹಾಳೆಯಲ್ಲಿ ಎರಡು ಪದ ಮುಂದೆ ಅಂಥದೇ ಗುರುತು ಹಾಕಿಕೊಂಡರು. ‘ನೀವು ಇಲ್ಲಿ ಉಸಿರು ತಗೊಳ್ಳಿ, ನಾನು ಹಿಡಿದಿರ್ತೀನಿ’ ಎಂದರು. ಆಗ ಅವರಿಗೆ ನನ್ನ ಹೆಸರು ಕೂಡ ತಿಳಿದಿರಲಿಲ್ಲ. ಎಷ್ಟೋ ವರ್ಷ ಕಳೆದಿವೆ, ಆ ಹಾಳೆ ಇನ್ನೂ ನನ್ನ ಬಳಿ ಇದೆ.

ಒಟ್ಟಿಗೆ ಹಾಡಿದಾಗ ಇಂಥ ನಂಟು ಬೇಗ ಬೆಳೆಯುತ್ತದೆ ಎಂಬುದಕ್ಕೆ ಅಧ್ಯಯನದ ಆಧಾರವೂ ಇದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹಾಡುಗಾರಿಕೆ, ಕರಕುಶಲ ಕಲೆ ಮತ್ತು ಬರವಣಿಗೆಯ ತರಗತಿಗಳಿಗೆ ಹೊಸದಾಗಿ ಸೇರಿದವರನ್ನು ಏಳು ತಿಂಗಳ ಕಾಲ ಗಮನಿಸಿ 2015ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಅವಧಿ ಮುಗಿಯುವ ಹೊತ್ತಿಗೆ ಮೂರೂ ಗುಂಪುಗಳ ಸದಸ್ಯರು ತಮ್ಮತಮ್ಮಲ್ಲಿ ಹತ್ತಿರವಾಗಿದ್ದರು, ಆದರೆ ಹಾಡುವವರು ಮಿಕ್ಕವರಿಗಿಂತ ಬೇಗ ಹತ್ತಿರವಾಗಿದ್ದರು. ಅದಕ್ಕೂ ಎರಡು ವರ್ಷ ಹಿಂದೆ, 2013ರಲ್ಲಿ, ಸ್ವೀಡನ್ನಿನ ಗೊಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಕೂಡಿ ಹಾಡುವವರ ಎದೆಬಡಿತವನ್ನು ಅಳೆದು, ಹಾಡಿನ ಸಾಲುಗಳು ಉಸಿರಾಟವನ್ನು ಒಂದು ಲಯಕ್ಕೆ ತರುವುದರಿಂದ ಬಡಿತದ ಏರಿಳಿತಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂದು ತೋರಿಸಿದರು. ಮಾತು ಬಾರದವರಿಗೆ, ನಾಚಿಕೆಯವರಿಗೆ ಇದು ದೊಡ್ಡ ವರ. ಗುರುತು ಹೇಳಿಕೊಳ್ಳುವ ಮೊದಲೇ, ಯಾವ ವಿವರಣೆಯನ್ನೂ ಕೊಡುವ ಮೊದಲೇ, ಪಕ್ಕದವರ ಜೊತೆ ಒಂದು ಕೆಲಸ ಮಾಡಿ ಮುಗಿಸಿರುತ್ತೀರಿ.

ಆ್ಯಪ್‌ಗಳಲ್ಲಿ ನಿಮಗಾದ ಬೇಸರಕ್ಕೂ ಇಲ್ಲಿ ಉತ್ತರವಿದೆ ಎನ್ನಿಸುತ್ತದೆ. ಅಲ್ಲಿ ಪ್ರತಿಸಲವೂ ನಿಮ್ಮನ್ನು ಯಾರೋ ಆರಿಸಬೇಕು. ತಾಲೀಮಿನಲ್ಲಿ ಆ ಪರೀಕ್ಷೆ ಇಲ್ಲ. ನೀವು ಒಂದು ವಾರ ಬರದಿದ್ದರೆ ನಿಮ್ಮ ಸಾಲಿನಲ್ಲಿ ಒಂದು ದನಿ ಕಡಿಮೆಯಾಗುತ್ತದೆ, ಯಾಕೆ ಬರಲಿಲ್ಲ ಎಂದು ಒಬ್ಬರಾದರೂ ಕೇಳುತ್ತಾರೆ. ನನ್ನ ಅನುಭವದಲ್ಲಿ ಒಪ್ಪಿಗೆ ಎಂಬುದು ಬಂದದ್ದು ಹೀಗೆ, ವಾರವಾರವೂ ನಾನು ಬೇಕಾದವನು ಎಂದು ತಿಳಿಯುತ್ತಾ ಹೋಗುವುದರ ಮೂಲಕ.

ಎಚ್ಚರಿಕೆಯ ಒಂದೆರಡು ಮಾತು. ಮೊದಲ ಭೇಟಿಯಲ್ಲೇ ಸಂಘಟಕರ ಬಳಿ ಫೋಟೋ, ವಿಡಿಯೊ ಮತ್ತು ಕಾರ್ಯಕ್ರಮ ಪತ್ರಿಕೆಯಲ್ಲಿ ಹೆಸರು ಹಾಕುವುದರ ಬಗ್ಗೆ ಕೇಳಿಕೊಳ್ಳಿ. ತಾಲೀಮಿಗೆ ಮಾತ್ರ ಬಂದು ವೇದಿಕೆ ಏರದೆ ಉಳಿಯಲು ಅವಕಾಶವಿದೆಯೇ ಎಂದೂ ವಿಚಾರಿಸಿ. ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ನಿಮ್ಮ ಸ್ಥಿತಿಯಲ್ಲೇ ಬಂದವರು ಅಲ್ಲಿ ಇದ್ದೇ ಇರುತ್ತಾರೆ. ನಿಮ್ಮ ವಿಷಯ ಬಲ್ಲ ಆ ಒಬ್ಬ ಗೆಳೆಯನಿಗೆ ಹೋಗುವ ದಿನವನ್ನು ಹೇಳಿಡಿ. ಸಂಗಾತಿಯನ್ನು ಹುಡುಕುವ ಉದ್ದೇಶವನ್ನು ಮಾತ್ರ ಸ್ವಲ್ಪ ಕಾಲ ಬದಿಗಿಟ್ಟು, ಮೂರು ನಾಲ್ಕು ತಿಂಗಳು ಬರೀ ಹಾಡಿ ನೋಡಿ.

ಪ್ರಶ್ನೆ: ನಾನು ಇಪ್ಪತ್ತು ವರ್ಷಗಳಿಂದ ಗಾನವೃಂದವೊಂದರಲ್ಲಿ ಹಾಡುತ್ತಿದ್ದೇನೆ. ನಮ್ಮಲ್ಲಿ ಇಬ್ಬರು ಗೇ ಗಾಯಕರಿದ್ದಾರೆ, ಯಾರೂ ಏನೂ ಅನ್ನುವುದಿಲ್ಲ. ಹೀಗಿರುವಾಗ ಗೇ ಪುರುಷರಿಗೇ ಪ್ರತ್ಯೇಕ ಗಾನವೃಂದ ಬೇಕೆ? ಸಂಗೀತಕ್ಕೆ ಹಣೆಪಟ್ಟಿ ಹಚ್ಚುವುದು ಸರಿಯೆ?

ಉತ್ತರ: ಯಾರೂ ಏನೂ ಅನ್ನುವುದಿಲ್ಲ ಎಂಬ ನಿಮ್ಮ ಮಾತನ್ನು ನಂಬುತ್ತೇನೆ, ಅದು ಸಣ್ಣ ಸಂಗತಿಯೇನಲ್ಲ. ಆದರೂ ಒಂದು ಕೋರಿಕೆ. ಮುಂದಿನ ತಾಲೀಮಿನ ವಿರಾಮದಲ್ಲಿ ಮಿಕ್ಕವರು ಹೆಂಡತಿ, ಗಂಡ, ಮಕ್ಕಳ ಸುದ್ದಿ ಹೇಳಿಕೊಳ್ಳುವಾಗ ಆ ಇಬ್ಬರು ಏನು ಹೇಳುತ್ತಾರೆ ಎಂದು ಕಿವಿಗೊಟ್ಟು ನೋಡಿ. ನಮ್ಮ ಭಾಷೆಯಲ್ಲಿ ಕ್ರಿಯಾಪದವೇ ಗಂಡೋ ಹೆಣ್ಣೋ ಎಂಬುದನ್ನು ಹೇಳಿಬಿಡುತ್ತದೆ. ‘ನಿನ್ನೆ ಬಂದ’ ಎಂದರೆ ಗುಟ್ಟು ಹೊರಬಿತ್ತು. ಅದಕ್ಕಾಗಿ ನಮ್ಮಲ್ಲಿ ಎಷ್ಟೋ ಮಂದಿ ಪ್ರೀತಿಸಿದವನನ್ನು ‘ಅವರು ಬಂದರು, ಅವರು ಹೇಳಿದರು’ ಎಂದು ಬಹುವಚನದ ಮರೆಯಲ್ಲಿ ಇಟ್ಟುಕೊಂಡೇ ವರ್ಷಗಟ್ಟಲೆ ಕಳೆಯುತ್ತೇವೆ. ಕೇಳುವವರಿಗೆ ಅದು ಗೌರವದ ಮಾತಾಗಿ ಕೇಳುತ್ತದೆ. ಗೇ ಪುರುಷರ ಗಾನವೃಂದದಲ್ಲಿ ಮೊದಲ ಸಲ ಪ್ರೇಮಗೀತೆಯೊಂದನ್ನು ಏಕವಚನದಲ್ಲಿ, ಅರ್ಥ ಮನಸ್ಸಿನಲ್ಲಿಟ್ಟುಕೊಂಡೇ ಹಾಡಿದಾಗ ನನ್ನ ಗಂಟಲು ಕಟ್ಟಿತ್ತು. ಆ ಹೊತ್ತು ಸಾಲನ್ನು ಹಿಡಿದಿದ್ದವರು ಪಕ್ಕದವರು.

ಇನ್ನು ಹಣೆಪಟ್ಟಿಯ ಮಾತು. ಈ ಗಾನವೃಂದಗಳು ಆ ಹೆಸರನ್ನು ಹೊತ್ತದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ದಾರಿ ತೋರಿದವರಲ್ಲಿ ಹೆಂಗಸರು ಮುಂದಿದ್ದರು ಎಂಬುದನ್ನು ಮರೆಯಬಾರದು. ಕ್ಯಾಥರೀನ್ ರೋಮಾ ಅವರು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆನಾ ಕ್ರೂಸಿಸ್ ಎಂಬ ಮಹಿಳಾ ಗಾನವೃಂದವನ್ನು ಕಟ್ಟಿದ್ದು 1975ರಲ್ಲಿ. ಪುರುಷರ ಮಟ್ಟಿಗೆ ಎಲ್ಲರೂ ನೆನೆಯುವ ಹೆಸರು ಸ್ಯಾನ್ ಫ್ರಾನ್ಸಿಸ್ಕೊ ಗೇ ಮೆನ್ಸ್ ಕೋರಸ್. ಜಾನ್ ಸಿಮ್ಸ್ ಎಂಬ ಸಂಗೀತ ನಿರ್ದೇಶಕರು ಕರೆದ ಅದರ ಮೊದಲ ತಾಲೀಮು ನಡೆದದ್ದು 1978ರ ಅಕ್ಟೋಬರ್ 30ರಂದು. ತಿಂಗಳು ತುಂಬುವ ಮೊದಲೇ, ನವೆಂಬರ್ 27ರಂದು, ಗೇ ಎಂದು ಬಹಿರಂಗವಾಗಿ ಹೇಳಿಕೊಂಡು ನಗರದ ಆಡಳಿತ ಮಂಡಳಿಗೆ ಆಯ್ಕೆಯಾಗಿದ್ದ ಹಾರ್ವೆ ಮಿಲ್ಕ್ ಮತ್ತು ಮೇಯರ್ ಜಾರ್ಜ್ ಮಾಸ್ಕೋನಿ ಇಬ್ಬರನ್ನೂ ಸಿಟಿ ಹಾಲಿನ ಒಳಗೇ ಗುಂಡಿಟ್ಟು ಕೊಲ್ಲಲಾಯಿತು. ಅಂದು ಸಂಜೆ ಸಾವಿರಾರು ಜನ ಮೊಂಬತ್ತಿ ಹಿಡಿದು ಕ್ಯಾಸ್ಟ್ರೊ ಬೀದಿಯ ಕಡೆಯಿಂದ ಸಿಟಿ ಹಾಲಿಗೆ ನಡೆದು ಬಂದರು. ಇನ್ನೂ ಒಂದೂ ಕಛೇರಿ ಕೊಡದಿದ್ದ ಆ ಗಾಯಕರು ಅದೇ ಕಟ್ಟಡದ ಮೆಟ್ಟಿಲುಗಳ ಮೇಲೆ ನಿಂತು ಮೆಂಡೆಲ್ಸನ್ ರಚಿಸಿದ ಪ್ರಾರ್ಥನೆಯೊಂದನ್ನು ಹಾಡಿದರು. ಅವರು ಜನರ ಮುಂದೆ ಹಾಡಿದ್ದು ಅದೇ ಮೊದಲು. ಟಿಕೆಟ್ಟು, ಪರದೆ, ಚಪ್ಪಾಳೆ ಯಾವುದೂ ಇಲ್ಲದೆ ಶೋಕದಲ್ಲಿ ಶುರುವಾದ ಗಾನವೃಂದ ಅದು. 1981ರಲ್ಲಿ ಅವರು ದೇಶದ ಹಲವು ನಗರಗಳನ್ನು ಸುತ್ತಿ ಹಾಡಿದ್ದು ಬೇರೆ ಊರುಗಳವರಿಗೂ ಇಂಥ ಗಾನವೃಂದ ಕಟ್ಟಲು ಹುರುಪು ಕೊಟ್ಟಿತು. ಮರುವರ್ಷವೇ ಇವುಗಳೆಲ್ಲ ಸೇರಿ ಗಾಲಾ ಕೋರಸಸ್ ಎಂಬ ಒಕ್ಕೂಟ ಹುಟ್ಟಿತು.

ಆಮೇಲೆ ಏಡ್ಸ್ ಬಂತು. ಜಾನ್ ಸಿಮ್ಸ್ 1984ರಲ್ಲಿ ಅದಕ್ಕೇ ಬಲಿಯಾದರು. ಛಾಯಾಗ್ರಾಹಕ ಎರಿಕ್ ಲೂಸ್ 1993ರಲ್ಲಿ ತೆಗೆದ ಆ ಗಾನವೃಂದದ ಚಿತ್ರವೊಂದನ್ನು ನೀವು ಎಲ್ಲಾದರೂ ಸಿಕ್ಕರೆ ನೋಡಬೇಕು. ಸಾಲುಸಾಲಾಗಿ ನಿಂತ ಗಾಯಕರಲ್ಲಿ ಬಿಳಿ ಉಡುಪು ತೊಟ್ಟು ನಮ್ಮತ್ತ ಮುಖಮಾಡಿದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರೆಲ್ಲ ಕಪ್ಪು ತೊಟ್ಟು ನಮಗೆ ಬೆನ್ನು ಮಾಡಿ ನಿಂತಿದ್ದಾರೆ. ಆ ಒಂದೊಂದು ಬೆನ್ನೂ ತೀರಿಕೊಂಡ ಒಬ್ಬೊಬ್ಬ ಗಾಯಕನ ಪರವಾಗಿ ನಿಂತದ್ದು. ನಾಲ್ಕು ದನಿಗಳ ಆ ಗಾನವೃಂದದವರು ಅಗಲಿದ ತಮ್ಮ ಸಂಗಡಿಗರನ್ನು ಐದನೆಯ ವಿಭಾಗ ಎಂದು ಕರೆಯುತ್ತಾರೆ. ಮನೆಯವರೇ ಮುಟ್ಟಲು ಹೆದರುತ್ತಿದ್ದ ಆ ವರ್ಷಗಳಲ್ಲಿ ಇಂಥ ಗಾನವೃಂದಗಳ ಸದಸ್ಯರು ವಾರಕ್ಕೊಮ್ಮೆ ತಾಲೀಮು ಮಾಡಿದರು, ಆಸ್ಪತ್ರೆಗಳಿಗೆ ಹೋಗಿ ಸಂಗಡಿಗರ ಪಕ್ಕ ಕೂತರು, ಅವರ ಅಂತ್ಯಕ್ರಿಯೆಯಲ್ಲೂ ಹಾಡಿದರು. ಲಂಡನ್ ಗೇ ಮೆನ್ಸ್ ಕೋರಸ್ ಹುಟ್ಟಿದ್ದು ಕೂಡ 1991ರಲ್ಲಿ, ಏಡ್ಸ್ ಪೀಡಿತರಿಗೆ ನೆರವಾಗುವ ಸಂಸ್ಥೆಗೆ ಹಣ ಕೂಡಿಸಲೆಂದು ಕೆಲವೇ ಮಂದಿ ಏಂಜೆಲ್ ಎಂಬ ಸುರಂಗ ರೈಲು ನಿಲ್ದಾಣದಲ್ಲಿ ನಿಂತು ಹಾಡಿದಾಗ. 2016ರ ಜೂನ್ ತಿಂಗಳಲ್ಲಿ ಅಮೆರಿಕದ ಒರ್ಲ್ಯಾಂಡೊದ ಗೇ ನೈಟ್‌ಕ್ಲಬ್ಬಿನಲ್ಲಿ 49 ಜನರನ್ನು ಗುಂಡಿಟ್ಟು ಕೊಂದ ಮರುದಿನ ಲಂಡನ್ನಿನ ಓಲ್ಡ್ ಕಾಂಪ್ಟನ್ ಬೀದಿ ಶೋಕದಲ್ಲಿ ತುಂಬಿ ನಿಂತಾಗ, ಆ ಜನಸಮೂಹದ ನಡುವೆ ಹಾಡಿದವರೂ ಇವರೇ.

ಸಿಯೋಲಿನಲ್ಲಿ 2003ರಿಂದ ಜಿ-ವಾಯ್ಸ್ ಇದೆ, ಬೀಜಿಂಗಿನಲ್ಲಿ 2008ರಲ್ಲಿ ಕ್ವೀರ್ ಕೋರಸ್ ಹುಟ್ಟಿತು, ಮುಂಬಯಿಯಲ್ಲಿ ರೈನ್‌ಬೋ ವಾಯ್ಸಸ್ ಇದೆ. ನೀವು ಹಣೆಪಟ್ಟಿ ಎಂದದ್ದು ನನಗೆ ಮನೆಯ ಬಾಗಿಲಿಗೆ ಬರೆದ ಹೆಸರಿನಂತೆ ಕಾಣುತ್ತದೆ. ಹುಡುಕಿಕೊಂಡು ಬರುವವನಿಗೆ ಬಾಗಿಲು ಯಾವುದು ಎಂದು ತಿಳಿಯಬೇಡವೇ? ಹೆಸರಿನಲ್ಲಿ ಆ ಪದವಿಲ್ಲದೆಯೂ ನಡೆದ ಗಾನವೃಂದಗಳಿವೆ. ಸಿಯಾಟಲ್ ಮೆನ್ಸ್ ಕೋರಸ್ ಅಂಥದ್ದು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಿಮ್ಮ ಗಾನವೃಂದದ ಆ ಇಬ್ಬರು ಒಂದು ದಿನ ಇನ್ನೊಂದು ಕಡೆಯೂ ಹಾಡಲು ಹೊರಟರೆ ಅದನ್ನು ನಿಮ್ಮ ಮೇಲಿನ ದೂರು ಎಂದು ಭಾವಿಸಬೇಡಿ.

ಪ್ರಶ್ನೆ: ನನ್ನ ಮಗ ಕಳೆದ ವರ್ಷ ತಾನು ಗೇ ಎಂದು ತಿಳಿಸಿದ. ಅಂದಿನಿಂದ ನಾವಿಬ್ಬರೂ ಆ ವಿಷಯ ಎತ್ತಿಲ್ಲ. ಈಗ ತನ್ನ ಗಾನವೃಂದದ ಕಾರ್ಯಕ್ರಮಕ್ಕೆ ಬಾ ಎಂದು ಕರೆದಿದ್ದಾನೆ. ಆ ಗುಂಪಿನ ಸಹವಾಸದಿಂದಲೇ ಹೀಗಾದನೇನೋ ಎಂಬ ಶಂಕೆ ನನ್ನನ್ನು ಬಿಡುತ್ತಿಲ್ಲ. ಹೋದರೆ ಒಪ್ಪಿದಂತೆ, ಹೋಗದಿದ್ದರೆ ಅವನಿಗೆ ನೋವು. ಅಲ್ಲಿ ಅತ್ತುಬಿಟ್ಟರೆ ಏನು ಮಾಡಲಿ?

ಉತ್ತರ: ಮೊದಲು ಶಂಕೆಯ ಮಾತು ಮುಗಿಸೋಣ. ಸಹವಾಸದಿಂದ ಯಾರೂ ಗೇ ಆಗುವುದಿಲ್ಲ, ಚಿಕಿತ್ಸೆಯಿಂದ ಯಾರೂ ಬದಲಾಗುವುದೂ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಅದೇ ಕೆಲಸ ಮಾಡಿತು. ನಿಮ್ಮ ಮಗ ಆ ಗುಂಪಿಗೆ ಹೋದದ್ದು ತಾನು ಏನು ಎಂಬುದನ್ನು ಬಹಳ ಹಿಂದೆಯೇ ಅರಿತಿದ್ದರಿಂದ, ಮತ್ತು ಅದನ್ನು ಒಬ್ಬನೇ ಹೊರಲಾರದೆ.

ಅಮ್ಮ, ದಯವಿಟ್ಟು ಹೋಗಿ. ಅವನು ನಿಮ್ಮನ್ನು ಕರೆದ ರೀತಿಯನ್ನೇ ನೋಡಿ. ಎದುರು ಕೂರಿಸಿಕೊಂಡು ಒಪ್ಪುತ್ತೀಯೋ ಇಲ್ಲವೋ ಎಂದು ಕೇಳಲಿಲ್ಲ. ನೀವು ಏನೂ ಹೇಳಬೇಕಿಲ್ಲದ, ನೂರಾರು ಜನರ ನಡುವೆ ಕತ್ತಲಲ್ಲಿ ಸುಮ್ಮನೆ ಕೂರಬಹುದಾದ ಒಂದು ಜಾಗವನ್ನು ನಿಮಗಾಗಿ ಹುಡುಕಿಟ್ಟಿದ್ದಾನೆ. ಅಲ್ಲಿ ಹೋದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಿದಂತಾಗಬೇಕಿಲ್ಲ; ಮಗನ ಹಾಡು ಕೇಳಲು ಹೋದಂತೆ, ಅಷ್ಟೇ. ಸಾಲಿನ ತುದಿಯ ಕುರ್ಚಿ ಕೇಳಿ ಪಡೆಯಿರಿ, ಎದ್ದು ಹೊರಗೆ ಹೋಗಬೇಕೆನಿಸಿದರೆ ಅನುಕೂಲ. ಅಳು ಬಂದರೆ ಬರಲಿ. ಇಂಥ ಕಾರ್ಯಕ್ರಮಗಳಲ್ಲಿ ಅಳುವ ತಾಯಂದಿರನ್ನೂ ತಂದೆಯರನ್ನೂ ನಾನು ವೇದಿಕೆಯ ಮೇಲಿಂದ ಎಷ್ಟೋ ಸಲ ಕಂಡಿದ್ದೇನೆ. ದೀಪದ ಬೆಳಕು ಕಣ್ಣಿಗೆ ಹೊಡೆಯುವುದರಿಂದ ನಮಗೆ ಮುಂದಿನ ಎರಡು ಮೂರು ಸಾಲು ಮಾತ್ರ ಕಾಣುತ್ತದೆ. ಆದರೂ ಪರದೆ ಸರಿಯುವ ಮೊದಲು ನಮ್ಮಲ್ಲಿ ಒಬ್ಬೊಬ್ಬರೂ ಒಂದು ಮುಖವನ್ನು ಹುಡುಕುತ್ತಿರುತ್ತೇವೆ. ನನ್ನ ತಂದೆಯನ್ನು ನಾನು ಆರು ಕಾರ್ಯಕ್ರಮಗಳಲ್ಲಿ ಹುಡುಕಿದೆ. ಏಳನೆಯದಕ್ಕೆ ಬಂದರು, ಬಾಗಿಲ ಪಕ್ಕವೇ ಕೂತಿದ್ದರಂತೆ. ಮನೆಗೆ ಹೋದ ಮೇಲೆ ‘ಕೆಳಗಿನ ದನಿಯವರು ಇನ್ನೂ ಸ್ವಲ್ಪ ಗಟ್ಟಿಯಾಗಿ ಹಾಡಬಹುದಿತ್ತು’ ಎಂದರು. ಅವರು ಅಷ್ಟು ಗಮನಕೊಟ್ಟು ಕೇಳಿದ್ದರು ಎಂಬುದೇ ನನಗೆ ಸಾಕಾಗಿತ್ತು.

ನೀವೂ ಅಷ್ಟನ್ನೇ ಮಾಡಿದರೆ ಸಾಕು. ಯಾವ ಹಾಡು ಹಿಡಿಸಿತು ಎಂದು ಹೇಳಿ. ಪಕ್ಕದಲ್ಲಿ ನಿಂತು ಹಾಡಿದವರು ಯಾರು ಎಂದು ಕೇಳಿ. ಒಂದು ವೇಳೆ ಈ ಸಲ ಮನಸ್ಸು ಒಪ್ಪದೇ ಹೋದರೆ ಮೈ ಹುಷಾರಿಲ್ಲ ಎಂಬ ನೆಪ ಹೇಳಬೇಡಿ, ಅದು ಅವನಿಗೆ ಗೊತ್ತಾಗುತ್ತದೆ. ‘ನನಗೆ ಇನ್ನೂ ಸ್ವಲ್ಪ ಸಮಯ ಬೇಕು, ಮುಂದಿನ ಸಲವೂ ಕರಿ’ ಎಂದು ಹೇಳಿಬಿಡಿ.

ಪ್ರಶ್ನೆ: ನನಗೆ ಅರವತ್ತೊಂದು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ನನ್ನ ಬಗ್ಗೆ ನಾನು ಯಾರಿಗೂ ಹೇಳಿಲ್ಲ. ಸ್ವರಲಿಪಿ ಓದಲು ಬಾರದು. ಯುವಕರ ನಡುವೆ ಈ ವಯಸ್ಸಿನಲ್ಲಿ ಹೋಗಿ ನಿಂತರೆ ನಗೆಪಾಟಲಾಗುವುದಿಲ್ಲವೆ?

ಉತ್ತರ: ಸ್ವರಲಿಪಿಯ ಚಿಂತೆ ಬಿಡಿ. ಅದನ್ನು ಓದಲು ಬಾರದವರು ಹವ್ಯಾಸಿ ಗಾನವೃಂದಗಳಲ್ಲಿ ಬಹಳ ಮಂದಿ ಇರುತ್ತಾರೆ; ಪ್ರತಿ ವಿಭಾಗದ ಸಾಲನ್ನೂ ಬೇರೆಬೇರೆಯಾಗಿ ಧ್ವನಿಮುದ್ರಿಸಿ ಕೊಡುವ ರೂಢಿ ಇದೆ, ಕೇಳಿ ಕೇಳಿ ಕಲಿಯಬಹುದು. ಕಿವಿ ಚೆನ್ನಾಗಿದ್ದರೆ ಆರು ತಿಂಗಳಲ್ಲಿ ಲಿಪಿಯೂ ತಾನಾಗಿ ಅರ್ಥವಾಗತೊಡಗುತ್ತದೆ.

ವಯಸ್ಸಿನ ಬಗ್ಗೆ ನಿಮಗೆ ಬೇರೆಯೇ ಒಂದು ಮಾತು ಹೇಳಬೇಕಿದೆ. ಏಡ್ಸ್‌ಗೆ ಪರಿಣಾಮಕಾರಿ ಸಂಯುಕ್ತ ಚಿಕಿತ್ಸೆ ಬಂದದ್ದು 1996ರ ಹೊತ್ತಿಗೆ. ಅಷ್ಟರೊಳಗೆ ಎಷ್ಟೋ ನಗರಗಳಲ್ಲಿ ನಿಮ್ಮ ಓರಗೆಯ ಗೇ ಪುರುಷರ ಒಂದು ಪೀಳಿಗೆಯೇ ಬಡವಾಗಿಹೋಯಿತು. ಉಳಿದವರಲ್ಲಿ ನಿಮ್ಮ ಹಾಗೆ ಮದುವೆಯಾಗಿ, ಯಾರಿಗೂ ಹೇಳದೆ ಬಾಳು ಸವೆಸಿದವರು ಎಷ್ಟೋ ಮಂದಿ. ಹಾಗಾಗಿ ಇಂದಿನ ಹುಡುಗರಲ್ಲಿ ಹಲವರು ತಮ್ಮಂಥ ಒಬ್ಬ ಹಿರಿಯರನ್ನು ಹತ್ತಿರದಿಂದ ಕಂಡೇ ಇಲ್ಲ. ಇಪ್ಪತ್ತೈದರ ಹುಡುಗನೊಬ್ಬ ನಮ್ಮ ಬಾಸ್ ವಿಭಾಗದ ಎಪ್ಪತ್ತರ ಹಿರಿಯರ ಪಕ್ಕದ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಯಾಕೆ ಎಂದು ಕೇಳಿದಾಗ, ಇಷ್ಟು ವಯಸ್ಸಿನವರೆಗೂ ನಾವು ಬದುಕಿರಬಹುದು ಎಂದು ಇವರನ್ನು ನೋಡಿದ ಮೇಲೇ ಗೊತ್ತಾಯಿತು ಎಂದ.

ನಿಮ್ಮ ಮದುವೆಯ ಬಗ್ಗೆ, ತೀರಿಕೊಂಡ ಪತ್ನಿಯ ಬಗ್ಗೆ ಅಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಅವರ ನೆನಪನ್ನು ಹೊರಗೆ ಬಿಟ್ಟು ಬರಬೇಕಾಗಿಯೂ ಇಲ್ಲ. ಹೊಸ ಋತುವಿನ ಆರಂಭದಲ್ಲಿ ಅನೇಕ ಗಾನವೃಂದಗಳು ಯಾರು ಬೇಕಾದರೂ ಬಂದು ಕೂರಬಹುದಾದ ತೆರೆದ ತಾಲೀಮು ಇಟ್ಟುಕೊಳ್ಳುತ್ತವೆ. ಅಂಥದೊಂದಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿ. ಓದುವ ಕನ್ನಡಕ ಮರೆಯಬೇಡಿ, ಹಾಡಿನ ಹಾಳೆಗಳ ಅಕ್ಷರ ತೀರಾ ಚಿಕ್ಕದಿರುತ್ತದೆ. ಒಂದು ಪೆನ್ಸಿಲನ್ನೂ ಜೇಬಿನಲ್ಲಿಟ್ಟುಕೊಳ್ಳಿ.